ಋತುಗಳೂ ರಸ್ತೆಯ ಅಪಘಾತಗಳೂ

ಮಳೆ ಮಂಜುಗಳೇ ದಾರಿಗರ ಪರಮ ವೈರಿಗಳೆಂದು ಲೋಕವು ನಂಬಿರುವುದಾದರೂ, ಕೇಂದ್ರ ಸಾರಿಗೆ ಮಂತ್ರಾಲಯವು ವರ್ಷಂಪ್ರತಿ ಪ್ರಕಟಿಸುವ ಅಪಘಾತಗಳ ವರದಿಯು ಬೇರೊಂದು ಸಂಗತಿಯನ್ನು ಹೇಳುತ್ತದೆ. 2022ರಲ್ಲಿ ದೇಶದಲ್ಲಿ ಸಂಭವಿಸಿದ 4,61,312 ಅಪಘಾತಗಳಲ್ಲಿ 1,68,491 ಜನ ಅಸುನೀಗಿದರು. ಈ ಅಪಘಾತಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನಡೆದದ್ದು ಆಕಾಶವು ನಿರ್ಮಲವಾಗಿದ್ದಾಗ. ವರ್ಷದ ಬಹುಪಾಲು ದಿನಗಳು ಬಿಸಿಲಿನವೇ ಆಗಿರುವುದು ಇದಕ್ಕೊಂದು ಕಾರಣವಷ್ಟೆ; ಜಡಿಮಳೆಯಲ್ಲಿ ತಾನಾಗಿಯೇ ವೇಗವನ್ನು ತಗ್ಗಿಸುವ ಸವಾರನು, ಶಾಲೆಗಳ ರಜೆಯೂ ಮದುವೆ ಜಾತ್ರೆಗಳ ಸಂಭ್ರಮವೂ ಕೂಡಿಬರುವ ಮೇ ತಿಂಗಳಲ್ಲಿ, ನೇರವಾದ ಒಣ ಹೆದ್ದಾರಿಯನ್ನು ಕಂಡೊಡನೆ ಅಂಕೆ ಮೀರುತ್ತಾನೆಂಬುದು ಮತ್ತೊಂದು.

ಹಾಗೆಂದ ಮಾತ್ರಕ್ಕೆ ಮಳೆಯು ನಿರಪರಾಧಿಯಲ್ಲ. ಬೇಸಗೆಯುದ್ದಕ್ಕೂ ಡಾಂಬರಿನ ಮೇಲೆ ಕೂತ ಎಣ್ಣೆಯ ಜಿಡ್ಡು, ಟೈರು ಸವೆದ ರಬ್ಬರಿನ ಪುಡಿ, ಧೂಳು ಇವೆಲ್ಲವೂ ಮೊದಲ ಹನಿಗಳೊಡನೆ ಕಲೆತು ನುಣ್ಣನೆಯ ಲೇಪವಾಗುವುದರಿಂದ, ಆಷಾಢದ ಕುಂಭದ್ರೋಣಕ್ಕಿಂತ ಮುಂಗಾರಿಗೆ ಮುಂಚಿನ ತುಂತುರೇ ದ್ವಿಚಕ್ರ ಸವಾರನಿಗೆ ಹೆಚ್ಚು ವಂಚಕವಾದದ್ದು. ಗುಡ್ಡಗಾಡಿನ ಮಾತು ಬೇರೆ. ಅಲ್ಲಿ ರಸ್ತೆಯ ಮೇಲಿನ ನೀರಿಗಿಂತ ಗುಡ್ಡದೊಳಗೆ ಇಂಗಿದ ನೀರೇ ಭಯಂಕರವೆಂಬುದಕ್ಕೆ, 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದುದು ಸಾಕ್ಷಿ.

ಯಾವ ಹವಾಮಾನ ಮುನ್ಸೂಚನೆಯಲ್ಲಿಯೂ ಕಾಣದ ಅಪಾಯವೊಂದು ನಮ್ಮ ಬಯಲುಸೀಮೆಗೆ ಸುಗ್ಗಿಯೊಡನೆ ಬರುತ್ತದೆ. ಕಣ ಕೆತ್ತಿ, ಸಗಣಿಯ ಬಗ್ಗಡದಿಂದ ಸಾರಿಸಿ, ರೋಣಗಲ್ಲು ಹೊಡೆಯುತ್ತಿದ್ದ ಕಾಲ ಹೋಯಿತು. ಎತ್ತೂ ಆಳೂ ಸಾಲದ ರೈತನು ಮಾರ್ಗಶಿರ ಪುಷ್ಯಗಳಲ್ಲಿ ರಾಗಿಯ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ಟಾರು ರಸ್ತೆಗೇ ಹರಡಿ, ಹೋಗಿಬರುವ ಬಸ್ಸು ಲಾರಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾನೆ. ಆತನ ಜಾಣ್ಮೆ ಮೆಚ್ಚತಕ್ಕದ್ದೇ. ಆದರೆ ಆ ಹಾಸಿನ ಮೇಲೆ ಬ್ರೇಕು ಒತ್ತಿದರೆ ಬೈಕು ನಿಲ್ಲದೆ ಜಾರುತ್ತದೆ. ಹುರುಳಿಯ ನಾರು ಕಾರಿನ ಅಡಿಯಲ್ಲಿ ಸುತ್ತಿಕೊಂಡು, ಹೊಗೆಕೊಳವೆಯ ಕಾವಿಗೆ ಹೊತ್ತಿ, ಕಾರೇ ಉರಿದುಹೋದದ್ದುಂಟು. ರಾಶಿಯ ಅಂಚಿಗೆ ಕಾವಲಾಗಿ ಇಟ್ಟ ದಪ್ಪ ಕಲ್ಲುಗಳು ಕತ್ತಲಾದ ಮೇಲೂ ಅಲ್ಲಿಯೇ ಉಳಿಯುತ್ತವೆ. ಅದೇ ಋತುವಿನಲ್ಲಿ ಬೆಳಗಾವಿ, ಬಾಗಲಕೋಟೆಗಳ ಕಡೆ, ಹಿಂದೆ ಕೆಂಪುದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರುಗಳು ಸಂಜೆಯ ಮಬ್ಬಿನಲ್ಲಿ ಸಾಲಾಗಿ ಸಾಗುತ್ತವೆ. ದೇಶದಲ್ಲಿ ಅಪಘಾತಗಳು ಅತ್ಯಧಿಕವಾಗಿ ಸಂಭವಿಸುವ ಹೊತ್ತೂ ಸಂಜೆ 6ರಿಂದ 9ರವರೆಗಿನದೇ.

ಪೊಲೀಸರ ಎಚ್ಚರಿಕೆಯಿಂದ ರಸ್ತೆಯ ಒಕ್ಕಣೆ ನಿಂತಿಲ್ಲ, ನಿಲ್ಲುವುದೂ ಇಲ್ಲ. ಗ್ರಾಮ ಪಂಚಾಯಿತಿಗಳು ಊರಿಗೊಂದು ಸಿಮೆಂಟಿನ ಕಣವನ್ನೂ, ಸಕ್ಕರೆ ಕಾರ್ಖಾನೆಗಳು ಪ್ರತಿ ಟ್ರೇಲರಿಗೂ ರಿಫ್ಲೆಕ್ಟರ್ ಪಟ್ಟಿಯನ್ನೂ ಮುಂದಿನ ಸುಗ್ಗಿಗೆ ಮುನ್ನವೇ ಒದಗಿಸಲಿ.