ಕರೆಂಟ್ ಹೋದರೂ ನಿಲ್ಲಬಾರದ ಕೆಲಸಗಳು

ಕನ್ನಂಬಾಡಿ ಕಟ್ಟೆ ಎಂದರೆ ಮಂಡ್ಯದ ಗದ್ದೆಗಳು, ವಿಶ್ವೇಶ್ವರಯ್ಯ ನಾಲೆ ನೆನಪಿಗೆ ಬರುತ್ತವೆ. ಆದರೆ 1911ರಲ್ಲಿ ಆ ಕಟ್ಟೆಯ ಕೆಲಸ ಶುರುವಾದಾಗ ಅದರ ಹಿಂದಿದ್ದ ದೊಡ್ಡ ಒತ್ತಾಯಗಳಲ್ಲಿ ಒಂದು ಕರೆಂಟಿನದು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗುತ್ತಿತ್ತು. ಅದು 147 ಕಿ.ಮೀ. ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ತಲುಪುತ್ತಿತ್ತು. ಮಳೆಗಾಲದಲ್ಲಿ ಭೋರ್ಗರೆಯುವ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತಿದ್ದಳು. ಹೊಳೆ ಸೊರಗಿದರೆ ಗಣಿಯ ಯಂತ್ರಗಳಿಗೂ ಕುತ್ತು. ಮೇಲ್ಗಡೆ ನೀರು ನಿಲ್ಲಿಸಿ ವರ್ಷವಿಡೀ ಒಂದೇ ಸಮನೆ ಬಿಟ್ಟರೆ ಕರೆಂಟೂ ಒಂದೇ ಸಮನೆ ಬರುತ್ತದೆ ಎಂಬುದು ಲೆಕ್ಕಾಚಾರ. ಅಷ್ಟು ದೊಡ್ಡ ಪ್ರಮಾಣದ ವಿದ್ಯುತ್ತನ್ನು ಕೂಡಿಡಲು ದಾರಿಯಿಲ್ಲದ ಆ ಕಾಲದಲ್ಲಿ ಎಂಜಿನಿಯರುಗಳು ವಿದ್ಯುತ್ ಕೊಡುವ ನೀರನ್ನೇ ಕೂಡಿಟ್ಟರು.

ನೂರು ವರ್ಷ ಹಳೆಯ ಈ ಉಪಾಯ ಇವತ್ತಿನ ಕವಲಂದೆಗೂ ಬೇಕು. ಮೈಸೂರು–ಚಾಮರಾಜನಗರ ರೈಲುಮಾರ್ಗದ ಈ ಊರು ನಂಜನಗೂಡು ತಾಲ್ಲೂಕಿನ ಹೋಬಳಿ ಕೇಂದ್ರ. ಇಲ್ಲಿ ಕರೆಂಟ್ ಹೋಗುವುದಕ್ಕೆ ಹತ್ತಾರು ಕಾರಣ. ಲೈನ್‌ಮನ್‌ಗಳು ದುರಸ್ತಿಗೆಂದು ‘ಎಲ್‌ಸಿ’ (ಲೈನ್ ಆಫ್ ಮಾಡಿಸುವ ಅನುಮತಿ) ತೆಗೆದುಕೊಂಡಿರಬಹುದು. ಏಪ್ರಿಲ್–ಮೇ ತಿಂಗಳ ಬಿರುಗಾಳಿಗೆ ಬಾಳೆತೋಟದ ಜೊತೆ ಕಂಬವೂ ಮಲಗಿರಬಹುದು. ಬೇಸಿಗೆಯ ಹೊರೆ ತಾಳದೆ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿರಬಹುದು. ಇಷ್ಟೆಲ್ಲ ಸ್ಥಳೀಯ. ನೂರಾರು ಮೈಲಿ ಆಚೆಯ ಕಾರಣಗಳೂ ಇವೆ.

ದೇಶದ ವಿದ್ಯುತ್ ಜಾಲದಲ್ಲಿ ಉತ್ಪಾದನೆ, ಬಳಕೆ ಎರಡೂ ಪ್ರತಿಕ್ಷಣ ಸರಿಹೊಂದುತ್ತಿರಬೇಕು. ಹೊಂದಿದಾಗ ಜಾಲದ ಆವರ್ತನ 50 ಹರ್ಟ್ಸ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಳಕೆ ಹೆಚ್ಚಾಗಿ ಉತ್ಪಾದನೆ ಸಾಲದಾದರೆ ಜನರೇಟರುಗಳು ನಿಧಾನವಾಗಿ ಆವರ್ತನ ಕುಸಿಯುತ್ತದೆ. ಅದು 49.4 ಹರ್ಟ್ಸ್‌ಗೆ ಇಳಿದರೆ ಉಪಕೇಂದ್ರಗಳ ರಿಲೇಗಳು ಯಾರನ್ನೂ ಕೇಳದೆ ಕೆಲವು ಫೀಡರ್‌ಗಳನ್ನು ಕತ್ತರಿಸುತ್ತವೆ. ಅಷ್ಟು ಮಾಡದಿದ್ದರೆ ಇಡೀ ಜಾಲವೇ ಕುಸಿಯುವ ಅಪಾಯ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಭಾರತದಲ್ಲಿ ಆದದ್ದು ಅಂಥದೇ ಕುಸಿತ. ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನ ವಾಸಿಸುವ ರಾಜ್ಯಗಳು ಕತ್ತಲಾದವು. ಕರ್ನಾಟಕಕ್ಕೆ ಆಗ ಏನೂ ಆಗಲಿಲ್ಲ, ಏಕೆಂದರೆ ದಕ್ಷಿಣದ ಜಾಲ ಆವರ್ತನದ ಮಟ್ಟಿಗೆ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ಎರಡೂ ಒಂದಾದವು. ಅಂದಿನಿಂದ ಕೊರತೆಯ ಹೊತ್ತಿನಲ್ಲಿ ನೆರವೂ ಸಿಗುತ್ತದೆ, ದೂರದ ಗಂಡಾಂತರದಲ್ಲಿ ಪಾಲೂ ಬರುತ್ತದೆ.

ಆದ್ದರಿಂದ ‘ಕರೆಂಟ್ ಹೋಗದಂತೆ ನೋಡಿಕೊಳ್ಳಿ’ ಎಂದು ಚಾಮುಂಡೇಶ್ವರಿ ವಿದ್ಯುತ್ ನಿಗಮವನ್ನು ಒತ್ತಾಯಿಸುವುದು ನ್ಯಾಯವೇ ಆದರೂ ಅಷ್ಟಕ್ಕೇ ಊರಿನ ಸಿದ್ಧತೆ ಮುಗಿಯುವುದಿಲ್ಲ. ಹೋದಾಗ ಯಾವ ಕೆಲಸ ನಿಂತರೂ ನಡೆದೀತು, ಯಾವುದು ನಿಲ್ಲಲೇಬಾರದು ಎಂದು ಊರು ಮೊದಲೇ ತೀರ್ಮಾನಿಸಿರಬೇಕು. ಟಿವಿ, ಗ್ರೈಂಡರ್ ಕಾಯುತ್ತವೆ. ಕುಡಿಯುವ ನೀರು, ಲಸಿಕೆ, ಹೆರಿಗೆ ಕೊಠಡಿಯ ಬೆಳಕು, ಮನೆಯಲ್ಲೇ ಆಮ್ಲಜನಕ ಯಂತ್ರದ ಮೇಲೆ ಉಸಿರಾಡುವ ರೋಗಿ, ಮೊಬೈಲ್ ಟವರ್ ಇವು ಕಾಯುವುದಿಲ್ಲ. ಟವರ್‌ನ ಬ್ಯಾಟರಿ ಕೆಲವು ಗಂಟೆಯಲ್ಲಿ ಖಾಲಿಯಾದರೆ 1912ಕ್ಕೆ ಕರೆ ಮಾಡಿ ದೂರು ಕೊಡುವುದಕ್ಕೂ ದಾರಿಯಿಲ್ಲ. ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕಕ್ಕೆ ಜನರೇಟರ್ ಇದ್ದರಷ್ಟೇ ಸಾಲದು. ಒಬ್ಬ ರೋಗಿಯ ನಾಲ್ಕು ಗಂಟೆಯ ಚಿಕಿತ್ಸೆಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರೂ ಬೇಕು.

ಈ ಪಟ್ಟಿಯಲ್ಲಿ ನೀರೇ ಮೊದಲು. ಹಳ್ಳಿಯ ಓವರ್‌ಹೆಡ್ ಟ್ಯಾಂಕನ್ನು ಯಾರೂ ವಿದ್ಯುತ್ ಸಾಧನವೆಂದು ನೋಡುವುದಿಲ್ಲ. ಒಂದು ಸಣ್ಣ ಲೆಕ್ಕ ಹಾಕಿದರೆ ಅದರ ಬೆಲೆ ತಿಳಿಯುತ್ತದೆ. ಬೋರ್‌ವೆಲ್‌ನ ನೀರಿನ ಮಟ್ಟ 100 ಮೀಟರ್ ಆಳದಲ್ಲಿದೆ, ಟ್ಯಾಂಕು 15 ಮೀಟರ್ ಎತ್ತರದಲ್ಲಿದೆ, ಅದಕ್ಕೆ 50 ಸಾವಿರ ಲೀಟರ್ ಹಿಡಿಸುತ್ತದೆ ಎಂದುಕೊಳ್ಳೋಣ. ಅಷ್ಟು ನೀರನ್ನು 115 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 15.6 ಯೂನಿಟ್. ಮೋಟರ್–ಪಂಪಿನ ನಷ್ಟವನ್ನೂ ಸೇರಿಸಿದರೆ ಅದರ ಎರಡರಷ್ಟು, ಅಂದರೆ 31 ಯೂನಿಟ್. ಮನೆಯ ಯುಪಿಎಸ್‌ಗೆ ಹಾಕುವ 12 ವೋಲ್ಟಿನ, 150 ಎಎಚ್ ಬ್ಯಾಟರಿ ತುಂಬಿದಾಗ ಅದರಲ್ಲಿರುವುದು 1.8 ಯೂನಿಟ್. ತುಂಬಿದ ಟ್ಯಾಂಕ್ ಒಂದು ಅಂಥ ಹದಿನೇಳು ಬ್ಯಾಟರಿಗಳ ಕೆಲಸವನ್ನು ಮುಗಿಸಿಟ್ಟುಕೊಂಡು ನಿಂತಿರುತ್ತದೆ. ಬ್ಯಾಟರಿ ಕೆಲವೇ ವರ್ಷಕ್ಕೆ ಹಳತಾಗುತ್ತದೆ. ಟ್ಯಾಂಕು ದಶಕಗಟ್ಟಲೆ ಬಾಳುತ್ತದೆ. ಜಲಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ಹಿಡಿದರೆ ಇಷ್ಟು ನೀರು 900 ಜನರಿಗೆ ಒಂದು ದಿನಕ್ಕೆ ಸಾಕು.

ಆದರೆ ಇದು ತುಂಬಿದ ಟ್ಯಾಂಕಿನ ಮಾತು. ತ್ರೀ ಫೇಸ್ ಬರುವುದು ನಡುರಾತ್ರಿಯಾದರೆ ನೀರುಗಂಟಿ ಎದ್ದು ಹೋಗಿ ಮೋಟರ್ ಹಾಕಬೇಕು. ಅವನು ಬರುವಷ್ಟರಲ್ಲಿ ಕರೆಂಟ್ ಹೋಗಿದ್ದರೆ ಬೆಳಿಗ್ಗೆ ತೊಂಬೆಯ ಮುಂದೆ ಬರೀ ಕೊಡಗಳ ಸಾಲು. ಕರೆಂಟ್ ಬಂದೊಡನೆ ತಾನೇ ಚಾಲೂ ಆಗುವ, ಟ್ಯಾಂಕ್ ತುಂಬಿದೊಡನೆ ತಾನೇ ನಿಲ್ಲುವ ಸ್ಟಾರ್ಟರ್ ದುಬಾರಿ ಸಾಧನವೇನಲ್ಲ. ಊರಿನ ವಿದ್ಯುತ್ ಸಿದ್ಧತೆಗೆ ಸಿಗುವ ಮೊದಲ ರೂಪಾಯಿ ಇದಕ್ಕೇ ಹೋಗಬೇಕು.

ಲಸಿಕೆಯ ವಿಷಯದಲ್ಲಿ ಕೂಡಿಡುವ ಈ ಉಪಾಯ ಈಗಾಗಲೇ ಜಾರಿಯಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪೆಟ್ಟಿಗೆಯ ಹಾಗೆ ಮೇಲ್ಗಡೆ ಮುಚ್ಚಳವಿರುವ ಒಂದು ಫ್ರಿಜ್ ಇರುತ್ತದೆ. ಸಿಬ್ಬಂದಿ ಅದನ್ನು ‘ಐಎಲ್‌ಆರ್’ ಎನ್ನುತ್ತಾರೆ. ಅದರ ಗೋಡೆಯೊಳಗೆ ಸುತ್ತಲೂ ನೀರಿನ ಪದರವಿದೆ. ಕರೆಂಟ್ ಇದ್ದಾಗ ಆ ನೀರು ಹೆಪ್ಪುಗಟ್ಟುತ್ತದೆ; ಹೋದಾಗ ನಿಧಾನವಾಗಿ ಕರಗುತ್ತ ಒಳಗಿನ ತಾಪಮಾನವನ್ನು ಲಸಿಕೆಗೆ ಬೇಕಾದ 2ರಿಂದ 8 ಡಿಗ್ರಿಯ ನಡುವೆ ಹಿಡಿದಿಡುತ್ತದೆ. ಮುಚ್ಚಳ ಮೇಲಿರುವುದಕ್ಕೂ ಕಾರಣವಿದೆ: ತಣ್ಣನೆಯ ಗಾಳಿ ಭಾರ, ಮೇಲಿನಿಂದ ತೆರೆದರೆ ಅದು ಹೊರಗೆ ಸುರಿದುಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಹೊರಗೆ 43 ಡಿಗ್ರಿ ಸೆಕೆ ಇದ್ದರೂ ಇಂಥ ಪೆಟ್ಟಿಗೆ ಕರೆಂಟ್ ಇಲ್ಲದೆ ಕನಿಷ್ಠ 20 ಗಂಟೆ ತಾಳಬೇಕು. ದಿನಕ್ಕೆ ಎಂಟು ಗಂಟೆ ವಿದ್ಯುತ್ ಸಿಕ್ಕರೆ ಅದಕ್ಕೆ ಸಾಕು. ಕನ್ನಂಬಾಡಿಯಲ್ಲಿ ನೀರು ಕೂಡಿಟ್ಟ ಯೋಚನೆಯೇ ಇಲ್ಲಿ ತಂಪು ಕೂಡಿಡುತ್ತಿದೆ.

ಇನ್ನು ಬರದ ಸಂಗತಿ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಜಲಾಶಯಗಳಲ್ಲಿ ನೀರಿಲ್ಲ, ಮಳೆಯಿಲ್ಲದ್ದರಿಂದ ಅಕ್ಟೋಬರ್‌ನಲ್ಲೂ ರೈತರ ಮೋಟರುಗಳು ಓಡುತ್ತಲೇ ಇದ್ದವು. ಬೇಡಿಕೆ ನಡುಬೇಸಿಗೆಯ ಮಟ್ಟಕ್ಕೆ ಏರಿತು. ನೀರಾವರಿ ಪಂಪ್‌ಸೆಟ್‌ಗಳಿಗೆ ಕೊಡುತ್ತಿದ್ದ ಏಳು ಗಂಟೆಯ ತ್ರೀ ಫೇಸ್ ಐದಕ್ಕೆ ಇಳಿದು ರೈತರು ಬೀದಿಗಿಳಿದರು. ಆ ಕಷ್ಟದಲ್ಲೂ ಹಳ್ಳಿಮನೆಗಳ ದೀಪಕ್ಕೆ ಬೇರೆ ದಾರಿ ಇತ್ತೆಂದರೆ ಅದು ‘ನಿರಂತರ ಜ್ಯೋತಿ’ ಯೋಜನೆಯಿಂದ. ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಬೇರೆ ಬೇರೆ 11 ಕೆವಿ ಫೀಡರ್ ಎಳೆದ ಆ ಕೆಲಸ ಜನರ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ, ಆದರೆ ಗ್ರಾಮೀಣ ಕರ್ನಾಟಕದ ದೊಡ್ಡ ಸುಧಾರಣೆಗಳಲ್ಲಿ ಅದೂ ಒಂದು. ಕುಡಿಯುವ ನೀರಿನ ಬೋರ್‌ವೆಲ್ ಯಾವ ಫೀಡರ್‌ನಲ್ಲಿದೆ ಎಂಬುದನ್ನು ಪ್ರತಿ ಪಂಚಾಯಿತಿಯೂ ತಿಳಿದಿರಬೇಕು. ಪಂಪ್‌ಸೆಟ್ ಫೀಡರ್‌ನಲ್ಲಿ ಸಿಕ್ಕಿಕೊಂಡಿದ್ದರೆ ಬರಗಾಲದಲ್ಲಿ ಊರು ಕುಡಿಯುವ ನೀರಿಗೂ ಬೆಳೆಯ ಸರದಿಯನ್ನೇ ಕಾಯಬೇಕಾಗುತ್ತದೆ.

ಸೋಲಾರ್ ಹಾಕಿಸಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಬಿಲ್ ಇಳಿಯುವುದೂ ನಿಜ. ಆದರೆ ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತದೆ, ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿರುವುದು. ಎಲ್‌ಸಿ ಸಿಕ್ಕಿದೆ ಎಂದು ನಂಬಿ ಲೈನ್‌ಮನ್ ಕಂಬ ಹತ್ತಿದಾಗ ಮನೆಯ ಫಲಕದಿಂದ ತಂತಿಗೆ ವಿದ್ಯುತ್ ಹರಿದರೆ ಅವನ ಜೀವ ಹೋಗುತ್ತದೆ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ ಜನರೇಟರುಗಳಿಂದಲೂ ಇದೇ ಅಪಾಯ. ಕರೆಂಟ್ ಇಲ್ಲದಾಗಲೂ ಸೋಲಾರ್ ಕೆಲಸಕ್ಕೆ ಬರಬೇಕಾದರೆ ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್ ಎರಡೂ ಬೇಕು. ಪ್ರತಿ ಮನೆಗೂ ಅದು ಎಟಕುವ ಖರ್ಚಲ್ಲ. ಆರೋಗ್ಯ ಕೇಂದ್ರಕ್ಕೆ, ಪಂಚಾಯಿತಿ ಕಚೇರಿಗೆ, ಒಂದು ಶಾಲೆಗೆ ಖಂಡಿತ ಎಟಕುತ್ತದೆ.

ಆರೋಗ್ಯ ಕೇಂದ್ರಗಳಿಗೆ ಸೌರವಿದ್ಯುತ್ ಒದಗಿಸುವ ಕೆಲಸದಲ್ಲಿ ಬೆಂಗಳೂರಿನ ಸೆಲ್ಕೋ ಫೌಂಡೇಶನ್ ತೊಡಗಿಕೊಂಡಿದೆ. ಇಂಥ ಕಡೆ ಫಲಕ ಎಷ್ಟು ದೊಡ್ಡದಿರಬೇಕು ಎನ್ನುವ ಮೊದಲು ಬಳಕೆ ಎಷ್ಟು ಇಳಿಸಬಹುದು ಎಂದು ನೋಡಬೇಕು. ಹಳೆಯ ಸೀಲಿಂಗ್ ಫ್ಯಾನ್ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಅದೇ ಬ್ಯಾಟರಿಗೆ ರಾತ್ರಿಯಲ್ಲಿ ಇನ್ನೂ ಕೆಲವು ಗಂಟೆ ಸಿಕ್ಕಂತಾಯಿತು.

ಒಂದೇ ಒಂದು ಸಿದ್ಧವಾದ ತಾಣ ಎಷ್ಟು ಜನಕ್ಕೆ ಆಸರೆಯಾಗಬಲ್ಲದು ಎನ್ನುವುದಕ್ಕೆ ಅಮೆರಿಕದ ಉದಾಹರಣೆಯಿದೆ. ಕ್ಯಾಲಿಫೋರ್ನಿಯಾದಲ್ಲಿ ಬಿರುಗಾಳಿಗೆ ತಂತಿ ಕಿಡಿ ಹಾರಿ ಕಾಡ್ಗಿಚ್ಚು ಹೊತ್ತುವುದನ್ನು ತಪ್ಪಿಸಲು 2019ರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಂಪನಿಯೇ ಲಕ್ಷಾಂತರ ಮನೆಗಳ ಸರಬರಾಜು ನಿಲ್ಲಿಸಿತು. ಹಂಬೋಲ್ಟ್ ಕೌಂಟಿಯಲ್ಲಿ ಬ್ಲೂ ಲೇಕ್ ರಾಂಚೆರಿಯಾ ಎಂಬ ಪುಟ್ಟ ಆದಿವಾಸಿ ಸಮುದಾಯ ಅದಕ್ಕೆ ಮೊದಲೇ ಫಲಕ, ಬ್ಯಾಟರಿ ಸೇರಿಸಿ ಸ್ವಂತ ಕಿರುಜಾಲ ಮಾಡಿಕೊಂಡಿತ್ತು. ಸುತ್ತಮುತ್ತಲಿನ ಸುಮಾರು ಹತ್ತು ಸಾವಿರ ಜನ ಅಲ್ಲಿಗೆ ಬಂದು ಪೆಟ್ರೋಲ್, ಮಂಜುಗಡ್ಡೆ ಒಯ್ದರು, ಫೋನ್ ಚಾರ್ಜ್ ಮಾಡಿಕೊಂಡರು. ಯಂತ್ರದ ಆಸರೆಯಲ್ಲಿದ್ದ ರೋಗಿಗಳಿಗೆ ಅಲ್ಲಿನ ಹೋಟೆಲಿನಲ್ಲೇ ಕೋಣೆ ಕೊಟ್ಟರು.

ನಂಜನಗೂಡು ತಾಲ್ಲೂಕಿಗೆ ತನ್ನದೇ ಒಂದು ಅನುಕೂಲವಿದೆ. ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆ ಉರಿಸಿ, ಹಬೆಯಿಂದ ಟರ್ಬೈನ್ ತಿರುಗಿಸಿ ವಿದ್ಯುತ್ ತಯಾರಿಸುತ್ತಾರೆ. ಜಾಲ ಕುಸಿದ ದಿನ ಇಂಥ ಘಟಕದಿಂದ ಸುತ್ತಲಿನ ನೀರಿನ ಪಂಪು, ಆಸ್ಪತ್ರೆಗಳನ್ನಾದರೂ ನಡೆಸಬಹುದೇ? ತಾಂತ್ರಿಕವಾಗಿ ಸಾಧ್ಯ. ಆದರೆ ಅಷ್ಟು ಪ್ರದೇಶವನ್ನು ಜಾಲದಿಂದ ಬಿಡಿಸುವ ಸ್ವಿಚ್‌ಗಳು, ಹೊರೆ ಏರಿಳಿದಂತೆ ಆವರ್ತನ ಕಾಯುವ ವ್ಯವಸ್ಥೆ, ಕಾರ್ಖಾನೆ–ನಿಗಮಗಳ ನಡುವೆ ಒಪ್ಪಂದ ಇವೆಲ್ಲ ಮೊದಲೇ ಆಗಿರಬೇಕು. ಕಬ್ಬು ಅರೆಯುವ ಹಂಗಾಮಿನಾಚೆ ಸಿಪ್ಪೆಯ ದಾಸ್ತಾನೂ ಬೇಕು.

ಬರದಷ್ಟೇ ನೆರೆಯೂ ಇಲ್ಲಿ ಕರೆಂಟ್ ಕೀಳುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ (ಕಬಿನಿ) ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ಮಲ್ಲನಮೂಲೆಯ ಬಳಿ ಮೈಸೂರು ರಸ್ತೆಯೇ ಮುಳುಗಿತು. ನೀರು ಟಿಸಿ ಕಟ್ಟೆಯ ಮಟ್ಟಕ್ಕೆ ಬಂದರೆ ನಿಗಮದವರು ಲೈನ್ ಆಫ್ ಮಾಡಲೇಬೇಕು, ಇಲ್ಲದಿದ್ದರೆ ನೀರಿನಲ್ಲಿ ನಡೆಯುವವರ ಪ್ರಾಣಕ್ಕೆ ಸಂಚಕಾರ. 2022ರ ಸೆಪ್ಟೆಂಬರ್‌ನಲ್ಲಿ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್‌ಗೆ ಮಳೆನೀರು ನುಗ್ಗಿ ಯಂತ್ರಗಳು ಮುಳುಗಿದಾಗ ನೂರು ಕಿ.ಮೀ. ಆಚೆಯ ಬೆಂಗಳೂರಿನ ಹಲವು ಬಡಾವಣೆಗಳ ನಲ್ಲಿ ಒಣಗಿತು. ನದಿಯ ಪಕ್ಕದಲ್ಲೇ ಪಂಪುಗಳನ್ನಿಟ್ಟುಕೊಂಡ ಊರುಗಳಿಗೆಲ್ಲ ಈ ಎಚ್ಚರಿಕೆ ಅನ್ವಯಿಸುತ್ತದೆ. ಕಾವೇರಿ–ಕಪಿಲೆ ಕೂಡುವ ತಿ. ನರಸೀಪುರಕ್ಕೆ ಅನ್ವಯಿಸುತ್ತದೆ, ಕಬಿನಿ ನೀರನ್ನು ಬಿದರಗೂಡಿನಿಂದ ಎತ್ತುವ ಮೈಸೂರಿಗೂ ಅನ್ವಯಿಸುತ್ತದೆ.

ನೆರೆಯಲ್ಲಿ ಒಂದು ಅನುಕೂಲವೆಂದರೆ ಅದು ಹೇಳಿ ಬರುತ್ತದೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಿಂದ ಬಿಟ್ಟ ನೀರು ನಂಜನಗೂಡು ಮುಟ್ಟಲು ಕೆಲವು ಗಂಟೆ ಬೇಕು. ಯಾವ ಟಿಸಿ ಎಷ್ಟು ನೀರಿಗೆ ಮುಳುಗುತ್ತದೆ, ಅದನ್ನು ಆಫ್ ಮಾಡಿದರೆ ಯಾವ ಪಂಪ್, ಯಾವ ಆಸ್ಪತ್ರೆ ನಿಲ್ಲುತ್ತದೆ, ಅಲ್ಲಿಗೆ ಇನ್ನೊಂದು ಫೀಡರ್‌ನಿಂದ ಕೊಡಬಹುದೇ ಎಂಬ ಪಟ್ಟಿ ಕೈಯಲ್ಲಿದ್ದರೆ ಅಷ್ಟು ಹೊತ್ತಿನಲ್ಲಿ ಟ್ಯಾಂಕುಗಳನ್ನು ತುಂಬಿಸಿ, ಆಮ್ಲಜನಕ ಯಂತ್ರದ ರೋಗಿಗಳನ್ನು ಸಾಗಿಸಿ, ಜನರೇಟರಿಗೆ ಡೀಸೆಲ್ ಹಾಕಿಸಿಕೊಳ್ಳಬಹುದು. ತಗ್ಗಿನ ಟಿಸಿಗಳ ಕಟ್ಟೆ ಎತ್ತರಿಸುವುದಕ್ಕೆ ಮಾತ್ರ ತಿಂಗಳುಗಳೇ ಬೇಕು. ಕಬಿನಿ ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ತುಂಬುವ ಜಲಾಶಯಗಳಲ್ಲಿ ಒಂದು; ಮುಂಗಾರು ಚುರುಕಾಗಿದ್ದರೆ ಜುಲೈ ಹೊತ್ತಿಗೇ ಅದರ ಗೇಟುಗಳು ತೆರೆಯುತ್ತವೆ. ಟಿಸಿ ಕಟ್ಟೆಯ ಕೆಲಸ ಮೇ ಒಳಗೆ ಮುಗಿಯಬೇಕು.