ಪರ್ಷಿಯನ್ ಬೆಕ್ಕಿನ ಮರಿ ತರುವ ಮುನ್ನ

ಕಳೆದ ಮಳೆಗಾಲದಲ್ಲಿ ತಿಲಕ್‌ನಗರದ ನನ್ನ ಕ್ಲಿನಿಕ್‌ಗೆ ತಾಯಿಯೊಬ್ಬರು ಮೂವರು ಮಕ್ಕಳೊಂದಿಗೆ ಬಂದರು. ಮೂವರ ಮೈಮೇಲೂ ದುಂಡನೆಯ ಕೆಂಪು ಕಲೆಗಳು, ವಿಪರೀತ ತುರಿಕೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮುಲಾಮು ಹಚ್ಚಿದರೆ ಕಡಿಮೆಯಾಗುತ್ತಿತ್ತು, ನಿಲ್ಲಿಸಿದರೆ ಇನ್ನಷ್ಟು ಹರಡುತ್ತಿತ್ತು.

“ಮನೆಯಲ್ಲಿ ಬೆಕ್ಕು ಇದೆಯಾ?” ಎಂದು ಕೇಳಿದೆ.

“ಇದೆ ಡಾಕ್ಟರ್ ಸಾಬ್. ಎರಡು ತಿಂಗಳ ಹಿಂದೆ ಪರ್ಷಿಯನ್ ಮರಿ ತಂದೆವು. ಅದಕ್ಕೇನೂ ಆಗಿಲ್ಲ, ಚೆನ್ನಾಗಿಯೇ ಇದೆ.”

ನಮ್ಮಲ್ಲಿ ಹೆಚ್ಚಿನವರು ಮನೆಯೊಳಗೆ ನಾಯಿ ಸಾಕುವುದಿಲ್ಲ. ಬೆಕ್ಕು ಅಶುದ್ಧವಲ್ಲ, ನಮ್ಮ ನಡುವೆ ಓಡಾಡುವ ಜೀವಿ ಎಂದು ಹದೀಸ್‌ನಲ್ಲಿ ಬಂದಿದೆ. ಆದರೆ ಶುದ್ಧ ಎಂದ ಮಾತ್ರಕ್ಕೆ ಅದಕ್ಕೆ ರೋಗವೇ ಇರುವುದಿಲ್ಲ ಎಂದಲ್ಲ. ಸಾವಿರಾರು ರೂಪಾಯಿ ಕೊಟ್ಟು ತಳಿಯ ಮರಿ ತರುವ ಮೊದಲು ಈ ವಿಷಯಗಳನ್ನು ತಿಳಿದಿರಿ.

ಹುಳುಕಡ್ಡಿ: ಯುನಾನಿಯಲ್ಲಿ ‘ಖೂಬಾ’, ಮನೆಮಾತಿನಲ್ಲಿ ‘ದಾದ್’. ಉದ್ದ ಕೂದಲಿನ ಪರ್ಷಿಯನ್ ಬೆಕ್ಕುಗಳಲ್ಲಿ ಈ ಫಂಗಸ್ ಹೆಚ್ಚು. ಬೆಕ್ಕಿನ ಮೈಮೇಲೆ ಒಂದು ಕಲೆಯೂ ಕಾಣದಿರಬಹುದು, ಆದರೂ ಅದು ಹರಡುತ್ತದೆ. ಉದುರಿದ ಕೂದಲಿನಲ್ಲಿ ಫಂಗಸ್ ತಿಂಗಳುಗಟ್ಟಲೆ ಬದುಕುತ್ತದೆ. ಕೇಳಿ ತರುವ ಮುಲಾಮುಗಳಲ್ಲಿ ಬಹಳಷ್ಟು ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಅದರಿಂದ ತುರಿಕೆ ಅಡಗುತ್ತದೆ, ರೋಗ ಬೆಳೆಯುತ್ತದೆ. ಮಕ್ಕಳ ಜೊತೆಗೆ ಬೆಕ್ಕಿಗೂ ಚಿಕಿತ್ಸೆಯಾಗಬೇಕು.

ಉಬ್ಬಸ: ಅಲರ್ಜಿಗೆ ಕಾರಣ ಕೂದಲಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಪ್ರೋಟೀನ್. ಬೆಂಗಳೂರಿನ ಹವೆಯಲ್ಲಿ ಮೊದಲೇ ದಮ್ಮಿನಿಂದ ಬಳಲುವವರು ಮನೆಯಲ್ಲಿದ್ದರೆ, ಅವರನ್ನು ಬೆಕ್ಕಿರುವ ಬಂಧುಗಳ ಮನೆಗೆ ನಾಲ್ಕಾರು ಸಲ ಕರೆದೊಯ್ದು ನೋಡಿ. ಸೀನು, ಕಣ್ಣುರಿ, ಎದೆ ಬಿಗಿತ ಬಂದರೆ ಮರಿಯ ಆಸೆ ಬಿಡಿ.

ಗರ್ಭಿಣಿಯರು: ಬೆಕ್ಕಿನ ಮಲದ ಮೂಲಕ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಮಲ ಬಿದ್ದು 1ರಿಂದ 5 ದಿನಗಳ ನಂತರವೇ ಅದು ಅಂಟುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ಮಲದ ತಟ್ಟೆಯನ್ನು ದಿನವೂ ಬೇರೆಯವರು ಸ್ವಚ್ಛಗೊಳಿಸಲಿ. ಹಸಿ ಮಾಂಸ ತೊಳೆದ ಮೇಲೆ ಕೈಗೆ ಸೋಪು ಹಚ್ಚುವುದೂ ಅಷ್ಟೇ ಮುಖ್ಯ. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ.

ಕಚ್ಚಿದರೆ, ಪರಚಿದರೆ: ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಬೇಡ. ಇದಕ್ಕೆ ನನ್ನ ಬಳಿಯೂ ಮದ್ದಿಲ್ಲ, ಲಸಿಕೆಯೊಂದೇ ದಾರಿ.

ಮರಿಯ ಆರೋಗ್ಯ: ಮೂಗು ಚಪ್ಪಟೆಯಾದಷ್ಟೂ ಬೆಲೆ ಹೆಚ್ಚು, ಆದರೆ ಉಸಿರಾಟ ಅಷ್ಟೇ ಕಷ್ಟ. ಕಣ್ಣಲ್ಲಿ ಸದಾ ನೀರು. ಬೇಸಿಗೆಯಲ್ಲಿ ಬಾಯಿ ತೆರೆದು ಏದುಸಿರು. ಮೂಗಿನ ಹೊಳ್ಳೆ ತೆರೆದಿರುವ ಮರಿಯನ್ನೇ ಆರಿಸಿ. ಈ ತಳಿಯಲ್ಲಿ ಮೂತ್ರಪಿಂಡದಲ್ಲಿ ನೀರ್ಗುಳ್ಳೆ ಬೆಳೆಯುವ ಅನುವಂಶಿಕ ರೋಗವೂ ಇದೆ. ತಾಯಿ, ತಂದೆ ಬೆಕ್ಕುಗಳಲ್ಲಿ ಒಂದಕ್ಕಿದ್ದರೂ ಪ್ರತಿ ಮರಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಲಕ್ಷಣ ಕಾಣಿಸುವಷ್ಟರಲ್ಲಿ ಬೆಕ್ಕಿಗೆ ಏಳೆಂಟು ವರ್ಷ ಆಗಿರಬಹುದು. ಆದ್ದರಿಂದ ತಾಯಿ, ತಂದೆ ಬೆಕ್ಕುಗಳ ಪರೀಕ್ಷೆಯ ವರದಿ ಕೇಳಿ, ಕನಿಷ್ಠ ತಾಯಿಬೆಕ್ಕನ್ನು ಕಣ್ಣಾರೆ ನೋಡಿ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ. ಲಸಿಕೆಯ ಕಾರ್ಡಿನಲ್ಲಿ ಪಶುವೈದ್ಯರ ಸಹಿ ಇರಲಿ. ಕೊಳ್ಳುವ ವಾರದಲ್ಲೇ ಹತ್ತಿರದ ಪಶುವೈದ್ಯರಿಗೆ ಅಥವಾ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ತೋರಿಸಿ. ಇಷ್ಟಕ್ಕೂ ತಳಿಯೇ ಬೇಕೆಂದಿಲ್ಲ. ನಮ್ಮ ಗಲ್ಲಿಯ ನಾಡಬೆಕ್ಕಿನ ಮರಿಗೂ ಲಸಿಕೆ ಹಾಕಿಸಿ ಸಾಕಬಹುದು, ಈ ಮೂಗಿನ ತೊಂದರೆ ಅದಕ್ಕಿರುವುದಿಲ್ಲ.

ಆ ತಾಯಿ ಕೊನೆಗೆ ಕೇಳಿದರು: “ಬೆಕ್ಕನ್ನು ಎಲ್ಲಾದರೂ ದೂರ ಬಿಟ್ಟು ಬರಲೇ?”

“ಬೇಡಮ್ಮಾ” ಎಂದೆ. ಮನೆಯೊಳಗೆ ಬೆಳೆದ ಪರ್ಷಿಯನ್ ಬೆಕ್ಕು ಬೀದಿಯಲ್ಲಿ ಬದುಕುವುದು ಕಷ್ಟ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿಗೆ ಸಿಕ್ಕ ಶಿಕ್ಷೆಯ ಹದೀಸ್ ನಾವೆಲ್ಲ ಕೇಳಿದ್ದೇವೆ. ಬೆಕ್ಕು ಪಶುವೈದ್ಯರ ಬಳಿ ಹೋಯಿತು, ಹೊದಿಕೆಗಳು ಬಿಸಿನೀರಿಗೆ ಹೋದವು, ಮುಲಾಮು ಕಸದ ಬುಟ್ಟಿಗೆ ಹೋಯಿತು. ಮಕ್ಕಳು ಪೂರ್ತಿ ಗುಣವಾಗಲು ಎರಡು ತಿಂಗಳು ಹಿಡಿಯಿತು.

ತರುವ ಮೊದಲು ನೂರು ಸಲ ಯೋಚಿಸಿ. ತಂದ ಮೇಲೆ ಅದು ನಿಮ್ಮ ಕೈಯಲ್ಲಿರುವ ಅಮಾನತ್.