ಮೂರು ನಟ್ಟು, ಹದಿನೈದು ಹುಣಸೆಬೀಜ

ಮಧ್ಯಾಹ್ನ ಮೂರರ ಬಿಸಿಲು. ನೆಲಮಂಗಲದ ಆಚೆ, ಸರ್ವಿಸ್ ರಸ್ತೆಯ ಮಗ್ಗುಲಿಗೆ ಒಂದರ ಹಿಂದೊಂದು ನಿಂತ ಲಾರಿಗಳ ಸಾಲಿನಲ್ಲಿ ನಡೆಯುತ್ತಿದ್ದರೆ ಮೂಗಿಗೆ ಮೊದಲು ತಾಕುವುದು ಡೀಸೆಲ್ಲು. ಆಮೇಲೆ ಕಾದ ಟೈರು, ಟಾರ್ಪಾಲಿನಡಿಯಿಂದ ಘಮ್ಮೆನ್ನುವ ಈರುಳ್ಳಿ, ಎಲ್ಲೋ ಒಗ್ಗರಣೆಯಲ್ಲಿ ಚಟಪಟ ಸಿಡಿಯುವ ಬೆಳ್ಳುಳ್ಳಿ. ಸ್ವಲ್ಪ ಬಗ್ಗಿ ಬನ್ನಿ, ಎರಡು ಲಾರಿಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಒಗೆದ ಲುಂಗಿ, ಬನಿಯನ್ನು ಒಣಗುತ್ತಿವೆ. ಒಂದು ಲಾರಿಯ ಹೊಟ್ಟೆಯಡಿ, ಹಿಂದಿನ ಗಾಲಿಗಳ ನೆರಳಿನಲ್ಲಿ, ಗೋಣಿಚೀಲ ಹಾಸಿಕೊಂಡು ಒಬ್ಬ ಹುಡುಗ ನಿದ್ದೆಹೋಗಿದ್ದಾನೆ. ಎದೆಯ ಮೇಲೆ ಮೊಬೈಲು ಇನ್ನೂ ಹಾಡುತ್ತಲೇ ಇದೆ.

ಮುಂಬಯಿ, ಪುಣೆ, ಹುಬ್ಬಳ್ಳಿ, ಚಿತ್ರದುರ್ಗಗಳನ್ನು ದಾಟಿ ಬರುವ 48ನೇ ರಾಷ್ಟ್ರೀಯ ಹೆದ್ದಾರಿಗೆ, ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬಂದ 75ನೆಯದು ಕೂಡಿಕೊಳ್ಳುವುದು ಇಲ್ಲೇ. ಬೆಂಗಳೂರು ಇನ್ನೊಂದು ಗಳಿಗೆಯ ಹಾದಿ. ಆದರೆ ಹಗಲು ಹೊತ್ತು ದೊಡ್ಡ ಲಾರಿಗಳಿಗೆ ಊರೊಳಗೆ ಪ್ರವೇಶವಿಲ್ಲ. ನಾನೂರು ಕಿಲೋಮೀಟರು ನಿದ್ದೆಗೆಟ್ಟು ಓಡಿಸಿಕೊಂಡು ಬಂದವರು ಕೊನೆಯ ಮೂವತ್ತಕ್ಕಾಗಿ ರಾತ್ರಿಯವರೆಗೆ ಕಾಯುತ್ತಾರೆ. ಲಾರಿ ಚಾಲಕರ ಬದುಕಿನಲ್ಲಿ ಓಟದಷ್ಟೇ ಉದ್ದ ಈ ಕಾಯುವಿಕೆ. ಅವರ ಹವ್ಯಾಸಗಳೆಲ್ಲ ಹುಟ್ಟಿರುವುದು ಈ ನಿಲುಗಡೆಗಳ ನೆರಳಿನಲ್ಲೇ.

ಪಂಕ್ಚರ್ ಅಂಗಡಿಯ ಮುಂದಿನ ಸಿಮೆಂಟು ನೆಲದ ಮೇಲೆ ನಾಲ್ಕೈದು ತಲೆಗಳು ಬಾಗಿವೆ. ಸೀಮೆಸುಣ್ಣದಲ್ಲಿ ಎಳೆದ ದೊಡ್ಡ ತ್ರಿಕೋನ, ಶಿಖರದಿಂದ ಇಳಿದ ಗೆರೆಗಳು, ಅವನ್ನು ಅಡ್ಡಕ್ಕೆ ಕತ್ತರಿಸುವ ಗೆರೆಗಳು. ಗೆರೆ ಗೆರೆ ಕೂಡುವಲ್ಲೆಲ್ಲ ಒಂದೊಂದು ಮನೆ, ಒಟ್ಟು ಇಪ್ಪತ್ತಮೂರು. ಹುಲಿ–ಕುರಿ ಆಟ. ಹುಲಿಗಳಾಗಿ ಕುಳಿತಿರುವುದು ಗ್ರೀಸು ಮೆತ್ತಿದ ಮೂರು ಹಳೆಯ ನಟ್ಟುಗಳು. ಕುರಿಗಳಿಗೆ ಹುಣಸೆಬೀಜ, ಹದಿನೈದು. ಹುಲಿ ಆಡುತ್ತಿರುವವನು ಹುಬ್ಬಳ್ಳಿ ಕಡೆಯ ಹುಡುಗ, ಮೂವತ್ತು ಇನ್ನೂ ತುಂಬಿರಲಾರದು. ಎದುರಿಗೆ ನಾಮಕ್ಕಲ್ಲಿನ ಹಿರಿಯರು. ಲಾರಿಗೆ ಬಾಡಿ ಕಟ್ಟುವುದಕ್ಕೇ ಹೆಸರಾದ ಊರಿನವರು. ಹುಬ್ಬೂ ಮೀಸೆಯೂ ಪೂರ್ತಿ ಬೆಳ್ಳಗಾಗಿವೆ. ಅವರ ಊರಲ್ಲೂ ಇದೇ ಆಟ, ಇದೇ ಮನೆಗಳು. ಹೆಸರು ಮಾತ್ರ ‘ಆಡು ಪುಲಿ ಆಟ್ಟಂ’. ಕಲಿಸುವುದೂ ಬೇಕಿಲ್ಲ, ಕಲಿಯುವುದೂ ಬೇಕಿಲ್ಲ.

“ಅಣ್ಣಾ, ಆ ಕುರಿ ಯಾಕ ಒಂಟಿ ಬಿಟ್ರಿ? ಹುಲಿ ಬಾಯಾಗ ನೀವ ಇಟ್ಟಂಗ ಆತಲ್ಲ!”

“ಇರು ತಂಬಿ. ಆಟ ಇನ್ನೂ ಇದೆ.”

ನಟ್ಟು ಬೀಜವನ್ನು ಹಾರಿ ಆಚೆಯ ಖಾಲಿ ಮನೆಗೆ ಕೂತಿತು. ಸತ್ತ ಕುರಿಯನ್ನೆತ್ತಿ ಹುಡುಗ ಮೊಣಕಾಲ ಬಳಿ ಜೋಡಿಸಿಟ್ಟ. ಹಿರಿಯರು ಬೇಸರಪಡಲಿಲ್ಲ. ಉಳಿದ ಬೀಜಗಳನ್ನು ಒಂದೊಂದಾಗಿ ಒತ್ತೊತ್ತಾಗಿ ಇಡುತ್ತ ಹೋದರು. ಸ್ಟೇರಿಂಗು ಹಿಡಿದು ಹಿಡಿದು ಗಂಟುಗಟ್ಟಿದ ಆ ಬೆರಳುಗಳು ಬೀಜ ಎತ್ತುವಾಗ ಎಷ್ಟು ಮೆತ್ತಗಾಗುತ್ತವೆ, ನೋಡಿ.

ಇನ್ನೊಂದು ತುದಿಯಲ್ಲಿ ಕರಾವಳಿಯ ಚಾಲಕರೊಬ್ಬರು ಪುಟ್ಟ ಸ್ಟೌ ಹಚ್ಚಿ ಕುಚ್ಚಲಕ್ಕಿ ಗಂಜಿ ಬೇಯಿಸುತ್ತಿದ್ದರು. ಪಕ್ಕದಲ್ಲಿ ಬಾಳೆಲೆಯ ತುಂಡಿನ ಮೇಲೆ ಮಾವಿನ ಉಪ್ಪಿನಕಾಯಿ. ಅಡುಗೆ ಎನ್ನುವುದು ಈ ಸಾಲಿನಲ್ಲಿ ಹೊಟ್ಟೆಪಾಡೂ ಹೌದು, ಹುಚ್ಚೂ ಹೌದು. ಜಾರ್ಖಂಡದ ಲಾರಿ ಚಾಲಕ ರಾಜೇಶ್ ರವಾನಿ ದಾರಿಯಲ್ಲಿ ಅಡುಗೆ ಮಾಡುವ ವಿಡಿಯೊಗಳಿಂದಲೇ ಯೂಟ್ಯೂಬಿನಲ್ಲಿ ದೇಶಕ್ಕೆಲ್ಲ ಪರಿಚಿತರಾದದ್ದು ಇವರೆಲ್ಲರಿಗೂ ಗೊತ್ತು. ಓಡಿಸುವಾಗ ಏನು ಕೇಳುತ್ತೀರಿ ಎಂದು ಗಂಜಿ ಬೇಯಿಸುತ್ತಿದ್ದವರನ್ನು ಕೇಳಿದೆ. “ತಾಳಮದ್ದಳೆ ಮಾರಾಯ್ರೆ,” ಎಂದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಅರ್ಥಧಾರಿಗಳ ಮಾತು, ಅಷ್ಟೇ. ನೋಡಬೇಕಾದದ್ದು ಏನೂ ಇಲ್ಲದ ಕಾರಣ ಕಣ್ಣು ಪೂರ್ತಿ ರಸ್ತೆಯದು. “ವಾಲಿಯೂ ರಾಮನೂ ವಾದಕ್ಕೆ ನಿಂತರೆ ಸಕಲೇಶಪುರ ದಾಟಿದ್ದೇ ಗೊತ್ತಾಗುವುದಿಲ್ಲ. ನಿದ್ದೆ ಹತ್ತಿರವೂ ಸುಳಿಯುವುದಿಲ್ಲ.” ಹುಬ್ಬಳ್ಳಿಯ ಹುಡುಗನಿಗೆ ಅದೇ ಕೆಲಸವನ್ನು ಶರೀಫಜ್ಜನ ತತ್ವಪದಗಳು, ಭಜನೆಗಳು ಮಾಡುತ್ತವಂತೆ. ರೀಲ್ಸ್ ನೋಡುವುದು ಗಾಡಿ ನಿಂತಾಗ ಮಾತ್ರ ಎಂದು ಅವನು ಗಲ್ಲ ಬಡಿದುಕೊಂಡು ಹೇಳಿದ. ಆ ಮಾತು ನನಗೆ ತುಂಬ ಹಿಡಿಸಿತು.

ಅದರಾಚೆ ಒಬ್ಬರು ಲಾರಿಯ ಹಣೆಗೆ ಹೊಸ ಕುಚ್ಚು ಕಟ್ಟುತ್ತಿದ್ದಾರೆ, ಕೆಂಪು, ಹಳದಿ, ನಡುವೆ ಕಪ್ಪು. ಹಿಂಬದಿಯ ಹಲಗೆಯಲ್ಲಿ ನವಿಲು, ತಾವರೆ. ‘ಹಾರ್ನ್ ಓಕೆ ಪ್ಲೀಸ್’ ಎಂದಿದ್ದ ಜಾಗದಲ್ಲಿ ಬಣ್ಣ ಬಳಿದ ಗುರುತಿದೆ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಬರಹವನ್ನು ನಿಷೇಧಿಸಿತ್ತು. ಗಡಿ ದಾಟುವ ಗಾಡಿಗೆ ಯಾಕೆ ತಂಟೆ ಎಂದು ಆಗಲೇ ಅಳಿಸಿದ್ದಂತೆ.

ಚಾಲಕನನ್ನು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 2025ರವರೆಗೂ ಹೇಳುತ್ತಿತ್ತು. ಈ ಸಾಲಿನಲ್ಲಿ ಅದನ್ನು ಹೇಳಿದಾಗ ಯಾರೂ ಏನೂ ಅನ್ನಲಿಲ್ಲ, ಒಬ್ಬರು ನನಗೆ ಚಹಾ ಹಾಕಿಕೊಟ್ಟರು. 2025ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿದೆ. ಒಳ್ಳೆಯದಾಯಿತು, ಬಹಳ ಹಿಂದೆಯೇ ಆಗಬೇಕಿತ್ತು. ಇಲ್ಲಿ ನಿಂತಿರುವ ಗಾಡಿಗಳೆಲ್ಲ ಅದಕ್ಕೂ ಹಳೆಯವು. ಅವುಗಳ ಕ್ಯಾಬಿನ್ನಿನಲ್ಲಿ ಅಂಗೈಯಗಲದ ಫ್ಯಾನು, ಅದರ ಗಾಳಿಗೆ ಅಲುಗುವ ಮಗಳ ಫೋಟೊ.

ಕತ್ತಲಾಗುತ್ತ ಬಂದಂತೆ ಹಣತೆ ಹಚ್ಚಿದ ಹಾಗೆ ಕ್ಯಾಬಿನ್ನುಗಳ ಒಳದೀಪ ಒಂದೊಂದೇ ಹತ್ತಿಕೊಂಡವು. ಪಂಕ್ಚರ್ ಅಂಗಡಿಯ ಬಲ್ಬಿನಡಿ ಮೂರನೇ ಆಟ ನಡೆದಿತ್ತು. ಎರಡು ಹುಲಿಗಳು ಆಗಲೇ ಬಂದಿಯಾಗಿದ್ದವು. ಮೂರನೆಯದಕ್ಕೆ ಎರಡೇ ದಾರಿ ಉಳಿದಿತ್ತು. ಅಷ್ಟರಲ್ಲಿ ಮುಂದಿನ ಗಾಡಿಗಳು ಒಂದಾದ ಮೇಲೊಂದು ಸ್ಟಾರ್ಟ್ ಆದವು. ನೆಲವೇ ಅದುರಿ, ಬೀಜಗಳು ಮನೆಯಲ್ಲೇ ನಡುಗಿದವು.

ಹಿರಿಯರು ಲುಂಗಿ ಕೊಡವಿ ಎದ್ದರು. ಹುಡುಗ ಮೊಬೈಲು ತೆಗೆದು ಆಟದ ಮನೆಯ ಮೇಲೆ ಹಿಡಿದು ಫೋಟೊ ತೆಗೆದುಕೊಂಡ.

“ಮುಂದಿನ ವಾರ ಇಲ್ಲಿಂದನ ಶುರು, ಅಣ್ಣಾ.”

ಅವರು ನಕ್ಕು ನಟ್ಟುಗಳನ್ನು ಆರಿಸಿ ಅವನ ಕೈಗೆ ಹಾಕಿದರು, ಬೀಜಗಳನ್ನು ತಮ್ಮ ಜೇಬಿಗೆ ಸುರಿದುಕೊಂಡರು.